ಜೇಬು ಗಡಿಯಾರ ಜೇಬಿಗೇ ಮರಳಲಿ

ಬೆಳ್ಳಿ ಕೇಸಿನ ಹಳೆಯ ಜೇಬು ಗಡಿಯಾರವೊಂದು ಚಿನಿವಾರರ ಅಂಗಡಿಗೆ ಬಂದರೆ ಅದರ ಗತಿ ಬಹುಮಟ್ಟಿಗೆ ನಿಶ್ಚಿತ. ಹಿಂದಿನ ಮುಚ್ಚಳ ಬಿಚ್ಚಿ ಯಂತ್ರವನ್ನು ಹೊರತೆಗೆಯುತ್ತಾರೆ, ಗಾಜು ಕಿತ್ತು ಪಕ್ಕಕ್ಕಿಡುತ್ತಾರೆ, ಖಾಲಿ ಕೇಸನ್ನು ತೂಕಕ್ಕೆ ಹಾಕುತ್ತಾರೆ. ಅಂದಿನ ಧಾರಣೆಯ ಪ್ರಕಾರ ಮನೆಯವರ ಕೈಗೆ ದುಡ್ಡು ಬರುತ್ತದೆ. ಕೇಸು ಮೂಸೆಗೆ, ಯಂತ್ರ ಗುಜರಿಗೆ. ಅಜ್ಜನೋ ಮುತ್ತಜ್ಜನೋ ನಾಲ್ಕು ದಶಕ ದಿನ ತಪ್ಪದೆ ಕೀಲಿ ಕೊಟ್ಟ ಗಡಿಯಾರದ ಕಥೆ ಅರ್ಧ ಗಂಟೆಯಲ್ಲಿ ಮುಗಿದಿರುತ್ತದೆ.

ನಮ್ಮ ಊರುಗಳಲ್ಲಿ ಮಾತ್ರ ಹೀಗಾಗುತ್ತಿದೆ ಎಂದಲ್ಲ. 1980ರ ಸುಮಾರಿಗೆ ಚಿನ್ನ ಬೆಳ್ಳಿಯ ಬೆಲೆ ಒಮ್ಮೆಲೇ ಏರಿದಾಗ ಅಮೆರಿಕದಲ್ಲೂ ಲೆಕ್ಕವಿಲ್ಲದಷ್ಟು ಕೇಸುಗಳು ಕರಗಿಹೋದವು. ಅಲ್ಲಿನ ಹಳೆ ಗಡಿಯಾರಗಳ ಸಂತೆಗಳಲ್ಲಿ ಇವತ್ತಿಗೂ ಕೇಸಿಲ್ಲದ ಬರಿಯ ಯಂತ್ರಗಳು ರಾಶಿ ಬಿದ್ದಿರುತ್ತವೆ. ಅವುಗಳಲ್ಲಿ ಎಷ್ಟೋ ಈಗಲೂ ನಡೆಯುವಂಥವು.

ಇನ್ನೊಂದು ಗತಿ ಗಾಜಿನ ಕಪಾಟಿನದು. ಸಂಗ್ರಾಹಕರ ಮನೆಗಳಲ್ಲಿ ಮಖಮಲ್ಲಿನ ಮೇಲೆ ಸಾಲಾಗಿ ಇಟ್ಟ, ಮುಳ್ಳು ಅಲ್ಲಾಡದ ಗಡಿಯಾರಗಳನ್ನು ಕಾಣಬಹುದು. ಕರಗಿಸುವುದಕ್ಕಿಂತ ಇದು ಎಷ್ಟೋ ಮೇಲು. ಆದರೂ ಸಾಲದು. ಜೇಬು ಗಡಿಯಾರ ದಿನವೂ ಮೈಮೇಲೆ ಇರಲೆಂದೇ ತಯಾರಾದ ವಸ್ತು. ಅದನ್ನು ಸರ್ವೀಸ್ ಮಾಡಿಸಿ, ಕೀಲಿ ಕೊಟ್ಟು, ಜೇಬಿನಲ್ಲಿಟ್ಟುಕೊಂಡು ಓಡಾಡುವುದೇ ಅದನ್ನು ಉಳಿಸುವ ಸರಿಯಾದ ದಾರಿ. ಹಾಗೆ ಮಾಡಿದರೆ ಅದನ್ನು ರಿಪೇರಿ ಮಾಡುವ ವಿದ್ಯೆಯೂ ಉಳಿಯುತ್ತದೆ. ಎರಡನೆಯ ಲಾಭವೇ ದೊಡ್ಡದು.

ಈ ಗಡಿಯಾರ ಜೇಬು ಸೇರಿದ ಚರಿತ್ರೆ ನೋಡಿದರೆ ಇದು ದಿನಬಳಕೆಯ ವಸ್ತುವೆಂಬುದು ಸ್ಪಷ್ಟವಾಗುತ್ತದೆ. ಯುರೋಪಿನಲ್ಲಿ ಮೊದಮೊದಲು ಒಯ್ಯುವ ಗಡಿಯಾರವೆಂದರೆ ಕೊರಳಿಗೋ ಸೊಂಟಕ್ಕೋ ತೂಗುಬಿಡುವ ಶ್ರೀಮಂತರ ಒಡವೆ. 1666ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್ ಆಸ್ಥಾನದಲ್ಲಿ ಉದ್ದನೆಯ ವೇಸ್ಟ್‌ಕೋಟು ರೂಢಿಗೆ ತಂದ ಮೇಲೆ ಗಡಿಯಾರ ಆ ಕೋಟಿನ ಜೇಬಿಗಿಳಿಯಿತು. 1675ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಹೇರ್‌ಸ್ಪ್ರಿಂಗ್, ಅಂದರೆ ಕೂದಲೆಳೆಯಂಥ ಸುರುಳಿ ಸ್ಪ್ರಿಂಗ್, ಇರುವ ಗಡಿಯಾರವನ್ನು ಜಗತ್ತಿನ ಮುಂದಿಟ್ಟರು. ಅದುವರೆಗೆ ದಿನಕ್ಕೆ ಗಂಟೆಗಟ್ಟಲೆ ತಪ್ಪುತ್ತಿದ್ದ ಯಂತ್ರ ನಿಮಿಷಗಳ ಲೆಕ್ಕಕ್ಕೆ ಬಂತು. ಮುಂದಿನ ಶತಮಾನದಲ್ಲಿ ಲಂಡನ್ನಿನ ಥಾಮಸ್ ಮಡ್ಜ್ ಕಂಡುಹಿಡಿದ, ಚಕ್ರಗಳ ಓಟವನ್ನು ಹಿಡಿದು ಬಿಡುವ ಲಿವರ್ ವ್ಯವಸ್ಥೆ ಇಂದಿನ ಕೀಲಿ ಕೈಗಡಿಯಾರಗಳಲ್ಲೂ ಇದೆ.

ಆದರೆ ಸಾಮಾನ್ಯರ ಜೇಬಿಗೆ ಇದನ್ನು ತಲುಪಿಸಿದ್ದು 19ನೇ ಶತಮಾನದ ಕಾರ್ಖಾನೆಗಳು. ಸ್ವಿಟ್ಜರ್ಲೆಂಡಿನಲ್ಲಿ ಜಾರ್ಜ್ ಫ್ರೆಡ್ರಿಕ್ ರಾಸ್ಕಾಫ್ ಎಂಬ ಕುಶಲಕರ್ಮಿ ಕೂಲಿಕಾರರಿಗಾಗಿಯೇ 20 ಫ್ರಾಂಕಿನ ಗಡಿಯಾರ ರೂಪಿಸಿ 1867ರಲ್ಲಿ ಮಾರುಕಟ್ಟೆಗೆ ತಂದರು. ಅದಕ್ಕೆ 'ಪ್ರೊಲೆಟೇರ್', ಅಂದರೆ ಶ್ರಮಿಕ, ಎಂದೇ ಹೆಸರಿಟ್ಟರು. ಅಮೆರಿಕದ ವಾಲ್ಥಂ ಕಾರ್ಖಾನೆ ಒಂದು ಗಡಿಯಾರದ ಬಿಡಿಭಾಗ ಇನ್ನೊಂದಕ್ಕೆ ಕೂಡುವಂತೆ ಯಂತ್ರಗಳಲ್ಲೇ ತಯಾರಿಸತೊಡಗಿತು. 1896ರಲ್ಲಿ ಇಂಗರ್‌ಸಾಲ್ ಕಂಪನಿ ಒಂದೇ ಡಾಲರಿಗೆ ಜೇಬು ಗಡಿಯಾರ ಮಾರಿತು. ವಾಲ್ಥಂ, ಎಲ್ಜಿನ್, ಇಂಗರ್‌ಸಾಲ್ ಕಂಪನಿಗಳು ತಯಾರಿಸಿದ್ದು ಕೋಟಿಗಳ ಲೆಕ್ಕದಲ್ಲಿ. ಹಾಗಾಗಿ ಹಳೆಯದೆಲ್ಲ ಅಪರೂಪ, ಮುಟ್ಟಿದರೆ ಅಪಚಾರ ಎಂಬ ಭಾವನೆಗೆ ಆಧಾರವಿಲ್ಲ.

ಈ ಗಡಿಯಾರಗಳು ಎಷ್ಟು ಗಂಭೀರ ಕೆಲಸಕ್ಕೆ ತಯಾರಾದವು ಎಂಬುದಕ್ಕೆ ಓಹಿಯೋ ರಾಜ್ಯದ ಕಿಪ್ಟನ್ ಎಂಬ ಪುಟ್ಟ ಊರು ಸಾಕ್ಷಿ. 1891ರ ಏಪ್ರಿಲ್ 18ರಂದು ಅಲ್ಲಿ ಟಪಾಲು ರೈಲು ಮತ್ತು ಪ್ರಯಾಣಿಕರ ರೈಲು ಮುಖಾಮುಖಿ ಡಿಕ್ಕಿ ಹೊಡೆದವು. ಎರಡೂ ರೈಲುಗಳ ಚಾಲಕರು, ಟಪಾಲು ವಿಂಗಡಿಸುತ್ತಿದ್ದ ಗುಮಾಸ್ತರು ಸತ್ತರು. ಒಬ್ಬ ಚಾಲಕನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ತಾನೇ ನಡೆಯತೊಡಗಿತ್ತು, ಅದು ಆತನ ಗಮನಕ್ಕೆ ಬಂದಿರಲಿಲ್ಲ ಎಂಬುದು ಈ ಅಪಘಾತಕ್ಕೆ ಕೊಟ್ಟ ಕಾರಣ. ರೈಲ್ವೆಯವರು ಕ್ಲೀವ್‌ಲ್ಯಾಂಡಿನ ಆಭರಣ ವ್ಯಾಪಾರಿ ವೆಬ್ ಸಿ. ಬಾಲ್ ಅವರನ್ನು ಗಡಿಯಾರಗಳ ತಪಾಸಣೆಗೆ ನೇಮಿಸಿದರು. ಮುಂದಿನ ವರ್ಷಗಳಲ್ಲಿ ರೂಪುಗೊಂಡ ನಿಯಮಗಳು ಬಿಗಿಯಾದವು: ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, ಅಚ್ಚುಗಳು ಕೂರುವ ಹರಳುಗಳು ಕನಿಷ್ಠ 17 ಇರಬೇಕು, ಐದು ಭಂಗಿಗಳಲ್ಲಿ ಇಟ್ಟು ಹೊಂದಿಸಿರಬೇಕು, ಚಳಿಗೂ ಸೆಕೆಗೂ ಜಗ್ಗಬಾರದು, ಡಯಲ್ಲಿನ ಅಂಕಿ ಒಂದೇ ನೋಟಕ್ಕೆ ಕಾಣಬೇಕು.

ಅವುಗಳಲ್ಲಿ ಒಂದು ನಿಯಮವನ್ನಂತೂ ಮೆಚ್ಚದೆ ಇರಲಾಗದು. ಆ ಗಡಿಯಾರಗಳಲ್ಲಿ ಕೀಲಿಯ ಗುಂಡಿ ಎಳೆದು ಸಮಯ ಬದಲಿಸಲು ಬರುವುದಿಲ್ಲ. ಮುಂದಿನ ಗಾಜನ್ನು ತಿರುಗಿಸಿ ಬಿಚ್ಚಿ, ಡಯಲ್ಲಿನ ಅಂಚಿನಲ್ಲಿ ಅಡಗಿರುವ ಸಣ್ಣ ಕಡ್ಡಿಯನ್ನು ಉಗುರಿನಿಂದ ಹೊರಗೆಳೆದ ಮೇಲಷ್ಟೇ ಮುಳ್ಳು ತಿರುಗುತ್ತದೆ. ಅವಸರದಲ್ಲಿ ಕೀಲಿ ಕೊಡುವಾಗ ಕೈತಪ್ಪಿ ಸಮಯ ಬದಲಾಗಬಾರದು, ಅದರಿಂದ ಒಂದು ಜೀವವೂ ಹೋಗಬಾರದು ಎಂಬ ಕಾಳಜಿ ಆ ಕಡ್ಡಿಯಲ್ಲಿದೆ. 1892ರಲ್ಲಿ ಆರಂಭವಾದ ಹ್ಯಾಮಿಲ್ಟನ್ ಕಂಪನಿಯ 992 ಈ ಬಗೆಯ ಗಡಿಯಾರಗಳಲ್ಲಿ ಹೆಸರುವಾಸಿ. ಅವು ಇಂದಿಗೂ ಮಾರಾಟಕ್ಕೆ ಸಿಗುತ್ತವೆ, ಸರ್ವೀಸ್ ಆದರೆ ಹಳೆಯ ನಿಖರತೆಗೆ ಹತ್ತಿರವಾಗಿಯೇ ನಡೆಯುತ್ತವೆ.

ಭಾರತಕ್ಕೂ ಈ ಗಡಿಯಾರ ಬೇಗನೇ ಬಂತು. ಫಾವ್ರ್ ಲೂಬಾ ಕಂಪನಿಯ ವ್ಯಾಪಾರ ಇಲ್ಲಿ 1865ರ ಹೊತ್ತಿಗೆ ಶುರುವಾಗಿತ್ತು. ವೆಸ್ಟ್ ಎಂಡ್ ವಾಚ್ ಕಂಪನಿ 1886ರಿಂದ ಮುಂಬೈಯನ್ನು ನೆಲೆ ಮಾಡಿಕೊಂಡು ಸ್ವಿಸ್ ಗಡಿಯಾರಗಳನ್ನು ದೇಶದುದ್ದಕ್ಕೂ ಮಾರಿತು. ರೈಲ್ವೆ ಗಾರ್ಡುಗಳು, ಸ್ಟೇಷನ್ ಮಾಸ್ತರರು, ವಕೀಲರು, ಶಾನುಭೋಗರು, ಹೆಡ್‌ಮಾಸ್ತರರು ಕೋಟಿನ ಗುಂಡಿಯ ಕಾಜಕ್ಕೆ ಸರಪಳಿ ಸಿಕ್ಕಿಸಿ ಇವನ್ನು ಜೇಬಿನಲ್ಲಿಟ್ಟರು. ಕರ್ನಾಟಕದ ಹಳೆಯ ಮನೆಗಳ ಗೋಡೆಯಲ್ಲಿ ತೂಗುವ ಕಪ್ಪು ಬಿಳುಪು ಫೋಟೊಗಳಲ್ಲಿ ಪೇಟ, ಕೋಟು, ಕಚ್ಚೆಪಂಚೆಯ ಹಿರಿಯರ ಎದೆಯ ಮೇಲೆ ಇಳಿಬಿಟ್ಟ ಆ ಸರಪಳಿಯನ್ನು ಇಂದಿಗೂ ಕಾಣಬಹುದು.

ಕೋಟೇ ಇಲ್ಲದವರೂ ಇಟ್ಟುಕೊಂಡರು. ಗಾಂಧೀಜಿ ಸೊಂಟದ ಬಟ್ಟೆಗೆ ಗಡಿಯಾರ ಸಿಕ್ಕಿಸಿಕೊಂಡಿರುವ ಚಿತ್ರಗಳನ್ನು ನೋಡದವರಿಲ್ಲ. ಅವರ ಬಳಿಯಿದ್ದ ಜೆನಿತ್ ಕಂಪನಿಯ ಅಲಾರಂ ಗಡಿಯಾರ 1947ರಲ್ಲಿ ರೈಲು ಪ್ರಯಾಣದ ವೇಳೆ ಕಳುವಾಗಿ, ಕೆಲವು ತಿಂಗಳ ಮೇಲೆ ವಾಪಸು ಬಂದಿತ್ತು. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು ಕನ್ನಡಕ, ಚಪ್ಪಲಿ, ಬಟ್ಟಲು, ತಟ್ಟೆಗಳ ಜೊತೆ 18 ಲಕ್ಷ ಡಾಲರಿಗೆ ಹೋಯಿತು. ಕೂಗಿ ಕೊಂಡವರು ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ. ಹರಾಜಿನ ಮೊತ್ತದ ಬಗ್ಗೆ ದೇಶವೆಲ್ಲ ಮಾತಾಡಿತು. ಆ ಗಡಿಯಾರ ಪ್ರಾರ್ಥನೆ, ನಡಿಗೆ, ಭೇಟಿಗಳ ಹೊತ್ತು ತಪ್ಪದಂತೆ ನೋಡಿಕೊಂಡ ದಿನಬಳಕೆಯ ಸಾಮಾನಾಗಿತ್ತು ಎಂಬುದು ಅಷ್ಟಾಗಿ ಮಾತಿಗೆ ಬರಲಿಲ್ಲ.

ಮೊಬೈಲಿನಲ್ಲೇ ಸಮಯ ಕಾಣುವಾಗ ಇದೇಕೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇದಕ್ಕೆ ಲಂಡನ್ನಿನ ರೂತ್ ಬೆಲ್‌ವಿಲ್ ತಮ್ಮ ಬದುಕಿನಿಂದಲೇ ಉತ್ತರ ಕೊಟ್ಟಿದ್ದಾರೆ. ಅವರ ತಂದೆ ಜಾನ್ ಹೆನ್ರಿ ಬೆಲ್‌ವಿಲ್ 1836ರಲ್ಲಿ ಒಂದು ಕಸುಬು ಆರಂಭಿಸಿದ್ದರು. ಗ್ರೀನಿಚ್ ವೀಕ್ಷಣಾಲಯದ ಸಮಯಕ್ಕೆ ಜೇಬು ಗಡಿಯಾರವನ್ನು ತಾಳೆ ಮಾಡಿಕೊಂಡು, ಊರಿನ ಗಡಿಯಾರ ತಯಾರಕರ ಅಂಗಡಿಗಳಿಗೆ ಹೋಗಿ ಸರಿಯಾದ ಸಮಯ ತೋರಿಸಿ ಬರುವುದು. ಅವರ ನಂತರ ಪತ್ನಿ ಮರಿಯಾ, 1892ರಿಂದ ಮಗಳು ರೂತ್ ಅದನ್ನು ಮುಂದುವರಿಸಿದರು. ಮೂವರೂ ಬಳಸಿದ್ದು ಒಂದೇ ಗಡಿಯಾರ: ಜಾನ್ ಆರ್ನಲ್ಡ್ ತಯಾರಿಸಿದ 485ನೇ ಕ್ರೊನೋಮೀಟರ್. ಮೊದಲು ಚಿನ್ನದ ಕೇಸಿನಲ್ಲಿದ್ದ ಅದನ್ನು ಕಳ್ಳರ ಭಯಕ್ಕೆ ಬೆಳ್ಳಿಯ ಕೇಸಿಗೆ ಬದಲಿಸಿದ್ದರು. ರೂತ್ ಅದನ್ನು ವ್ಯಕ್ತಿಯಂತೆ 'ಆರ್ನಲ್ಡ್' ಎಂದೇ ಕರೆಯುತ್ತಿದ್ದರು.

ಹಾಗೆಂದು ರೂತ್ ಅವರ ಕಾಲದಲ್ಲಿ ಬೇರೆ ದಾರಿಗಳಿರಲಿಲ್ಲವೆಂದಲ್ಲ. ತಂತಿಯ ಮೂಲಕ ಸಮಯ ಕಳಿಸುವ ಕಂಪನಿ ಆಗಲೇ ಇತ್ತು. 1908ರಲ್ಲಿ ಅದರ ನಿರ್ದೇಶಕರೊಬ್ಬರು ಭಾಷಣವೊಂದರಲ್ಲಿ ಈ ಹಳೆಯ ಪದ್ಧತಿಯನ್ನು ಹೀಗಳೆದರು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ರೂತ್ ಅವರಿಗೆ ಹೊಸ ಗಿರಾಕಿಗಳೇ ಸಿಕ್ಕರು. 1924ರಲ್ಲಿ ಬಿಬಿಸಿ ರೇಡಿಯೊದಲ್ಲಿ ಸಮಯದ ಬೀಪ್ ಶುರುವಾಯಿತು, 1936ರಲ್ಲಿ ದೂರವಾಣಿಯಲ್ಲೇ ಸಮಯ ಹೇಳುವ ವ್ಯವಸ್ಥೆ ಬಂತು. ಆದರೂ ರೂತ್ 1940ರವರೆಗೆ, ತಮ್ಮ 86ನೇ ವಯಸ್ಸಿನತನಕ, ಆರ್ನಲ್ಡನ್ನು ಕೈಚೀಲದಲ್ಲಿಟ್ಟುಕೊಂಡು ಅಂಗಡಿಯಿಂದ ಅಂಗಡಿಗೆ ನಡೆದರು. ಅಷ್ಟು ಹೊತ್ತಿಗೆ ಆ ಗಡಿಯಾರಕ್ಕೆ ನೂರೈವತ್ತು ವರ್ಷದ ಆಸುಪಾಸು. ಅದು ಅಷ್ಟು ಕಾಲ ಬಾಳಿದ್ದು ಬಳಕೆಯಲ್ಲಿ, ನಿಯಮಿತ ಆರೈಕೆಯಲ್ಲಿ.

ಮೊಬೈಲ್ ತೆಗೆದವರು ಸಮಯ ನೋಡಿ ಅದನ್ನು ಹಾಗೇ ಒಳಗಿಡುವುದು ಅಪರೂಪ. ಸಂದೇಶ, ಸುದ್ದಿ, ವಿಡಿಯೊ ಎಂದು ಹತ್ತು ನಿಮಿಷ ಹೋಗಿರುತ್ತದೆ, ಎಷ್ಟು ಗಂಟೆಯೆಂಬುದು ಮರೆತೂ ಹೋಗಿರುತ್ತದೆ. ಜೇಬು ಗಡಿಯಾರ ಸಮಯವನ್ನಷ್ಟೇ ಹೇಳುತ್ತದೆ. ಬೆಳಿಗ್ಗೆ ಎದ್ದು ಅದಕ್ಕೆ ಕೀಲಿ ಕೊಡುವಾಗ ಬೆರಳಿನಡಿ ಸ್ಪ್ರಿಂಗ್ ಮೆಲ್ಲಗೆ ಬಿಗಿಯಾಗುತ್ತ ಹೋಗುವುದು ತಿಳಿಯುತ್ತದೆ. ಒಮ್ಮೆ ಕೀಲಿ ಕೊಟ್ಟರೆ ಹೆಚ್ಚಿನವು 30 ಗಂಟೆಗಿಂತ ಹೆಚ್ಚು ನಡೆಯುತ್ತವೆ. ದಿನವೂ ಒಂದೇ ಹೊತ್ತಿಗೆ ಕೀಲಿ ಕೊಟ್ಟರೆ ಸ್ಪ್ರಿಂಗಿನ ಬಲ ಒಂದೇ ಹದದಲ್ಲಿದ್ದು ಸಮಯವೂ ಸರಿಯಾಗಿರುತ್ತದೆ.

ಹಿಂದಿನ ಮುಚ್ಚಳ ತೆಗೆದರೆ ಕಾಣುವುದು ಬೇರೆಯದೇ ಲೋಕ. ಬಹುಪಾಲು ಗಡಿಯಾರಗಳಲ್ಲಿ ನಡಿಗೆಯ ಲಯ ಕಾಯುವ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ ಐದು ಸಲ, ಗಂಟೆಗೆ 18,000 ಸಲ ಅತ್ತಿತ್ತ ತಿರುಗುತ್ತದೆ. ಅದರ ಅಚ್ಚಿನ ತುದಿ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳು. ಅಷ್ಟು ಸಣ್ಣ ತುದಿ ಕೆಂಪು ಹರಳಿನ ರಂಧ್ರದಲ್ಲಿ ಕೂತು ಹಗಲಿರುಳು ತಿರುಗುತ್ತದೆ. ಮುಚ್ಚಳದ ಒಳಮೈಯನ್ನು ಬೆಳಕಿಗೆ ಓರೆ ಹಿಡಿದರೆ ಸೂಜಿಯಿಂದ ಗೀಚಿದ ಪುಟ್ಟ ಅಕ್ಷರ, ಅಂಕಿಗಳು ಕಾಣಬಹುದು. ರಿಪೇರಿ ಮಾಡಿದವರು ತಮ್ಮ ಗುರುತನ್ನೂ ತಾರೀಖನ್ನೂ ಹೀಗೆ ಬರೆದಿಡುವ ರೂಢಿಯಿತ್ತು. ಒಂದರ ಕೆಳಗೊಂದು ಇಂಥ ನಾಲ್ಕೈದು ಗುರುತುಗಳಿದ್ದರೆ ಅಷ್ಟು ತಲೆಮಾರಿನ ರಿಪೇರಿಯವರು ಆ ಯಂತ್ರವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂಡಿಸಿದ್ದಾರೆಂದೇ ಅರ್ಥ. ಕೇಸು ಕರಗಿದರೆ ಈ ದಾಖಲೆಯೂ ಕರಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಬೇಕು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ ಗಡಿಯಾರಕ್ಕೆ ಕೀಲಿ ಕೊಟ್ಟ ಕೂಡಲೇ ಟಿಕ್ ಟಿಕ್ ಎಂದರೆ ಹಿಗ್ಗಿ ಜೇಬಿಗೆ ಹಾಕಿಕೊಳ್ಳುವುದು ತಪ್ಪು. ಒಳಗಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಧೂಳಿನ ಜೊತೆ ಸೇರಿ ಅಚ್ಚುಗಳನ್ನು ಸವೆಸುತ್ತದೆ. ಸರ್ವೀಸ್ ಇಲ್ಲದೆ ನಡೆಸುವುದಕ್ಕಿಂತ ನಿಂತಿರುವುದೇ ಲೇಸು. ಮೊದಲು ಸರ್ವೀಸ್, ಆಮೇಲೆ ಜೇಬು. ದಿನವೂ ನಡೆಯುವ ಗಡಿಯಾರಕ್ಕೆ ಮೂರರಿಂದ ಐದು ವರ್ಷಕ್ಕೊಮ್ಮೆ ಅದು ಬೇಕೇ ಬೇಕು.

ಡಯಲ್ಲಿನ ಅಂಕಿ, ಮುಳ್ಳುಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿದ ಹಳೆಯ ಗಡಿಯಾರಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಅದು ರೇಡಿಯಂ ಆಗಿರಬಹುದು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಈ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಡಯಲ್ ಬರೆದ ಯುವತಿಯರು ದವಡೆ ಕೊಳೆತು, ರಕ್ತಹೀನತೆಯಿಂದ ನರಳಿ ಸತ್ತರು. ಹೊಳಪು ಆರಿಹೋದ ಮಾತ್ರಕ್ಕೆ ರೇಡಿಯಂ ಸತ್ತಿತೆಂದಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಅಂಥದ್ದನ್ನು ಮನೆಯಲ್ಲಿ ಬಿಚ್ಚಲೇಬಾರದು, ಮಕ್ಕಳ ಕೈಗೆ ಕೊಡಲೂಬಾರದು.

ಜೇಬಿನಲ್ಲಿಡುವುದಕ್ಕೂ ಕ್ರಮವಿದೆ. ಚಿಲ್ಲರೆ, ಬೀಗದ ಕೈ ಇರುವ ಜೇಬು ಸಲ್ಲದು. ಮೊಬೈಲ್ ಇರುವ ಜೇಬಂತೂ ಬೇಡವೇ ಬೇಡ. ಫೋನಿನ ಸ್ಪೀಕರು, ಕವರುಗಳಲ್ಲಿ ಅಯಸ್ಕಾಂತವಿರುತ್ತದೆ. ಅದು ತಾಗಿದರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿ ಗಡಿಯಾರ ವಿಪರೀತ ಮುಂದೆ ಓಡುತ್ತದೆ. ರಿಪೇರಿಯವರ ಬಳಿ ಅಯಸ್ಕಾಂತತೆ ತೆಗೆಯುವ ಸಣ್ಣ ಉಪಕರಣವಿರುತ್ತದೆ, ಕೆಲವೇ ಕ್ಷಣದ ಕೆಲಸ. ಹಳೆಯ ಗಡಿಯಾರಗಳಲ್ಲಿ ಆಘಾತ ತಡೆಯುವ ವ್ಯವಸ್ಥೆ ಇಲ್ಲ. ಇನ್ಕಾಬ್ಲಾಕ್‌ನಂಥ ರಕ್ಷಣೆ ಬಂದದ್ದು 1930ರ ದಶಕದಲ್ಲಿ. ಕೆಳಗೆ ಬಿದ್ದರೆ ಮುರಿಯುವುದು ಆ ಬ್ಯಾಲೆನ್ಸ್ ಅಚ್ಚೇ. ಆದ್ದರಿಂದ ಸರಪಳಿ ಅಲಂಕಾರಕ್ಕಿಂತ ಮೊದಲು ರಕ್ಷಣೆ. ನೆಹರೂ ಜಾಕೆಟ್ಟಿನ ಜೇಬು ಇದಕ್ಕೆ ಹೇಳಿ ಮಾಡಿಸಿದ ಜಾಗ. ಜೀನ್ಸ್ ಪ್ಯಾಂಟಿನ ಬಲಗಡೆ ದೊಡ್ಡ ಜೇಬಿನೊಳಗಿನ ಪುಟ್ಟ ಜೇಬು 19ನೇ ಶತಮಾನದಲ್ಲಿ ಗಡಿಯಾರಕ್ಕೆಂದೇ ಹೊಲಿದದ್ದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮಾತ್ರ ಇವನ್ನು ಹೊರಗೆ ಒಯ್ಯದಿರುವುದು ಒಳ್ಳೆಯದು. ತೇವ ಹೊಕ್ಕರೆ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ.

ದುಡ್ಡಿನ ಭಯವೂ ಬಹಳ ಜನರನ್ನು ದೂರವಿಟ್ಟಿದೆ. 2014ರಲ್ಲಿ ಜಿನೀವಾದಲ್ಲಿ ಪಾಟೆಕ್ ಫಿಲಿಪ್ ಕಂಪನಿಯ 'ಹೆನ್ರಿ ಗ್ರೇವ್ಸ್' ಜೇಬು ಗಡಿಯಾರ 2.32 ಕೋಟಿ ಸ್ವಿಸ್ ಫ್ರಾಂಕಿಗೆ ಹರಾಜಾದಾಗ ಹಳೆ ಗಡಿಯಾರವೆಂದರೆ ಕುಬೇರರ ಹವ್ಯಾಸ ಎಂಬ ಅಭಿಪ್ರಾಯ ಗಟ್ಟಿಯಾಯಿತು. ವಾಸ್ತವದಲ್ಲಿ ರಾಸ್ಕಾಫ್ ಮಾದರಿಯ ಸಾದಾ ಗಡಿಯಾರ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಮನೆಯಲ್ಲೇ ಇದ್ದರೆ ಸರ್ವೀಸಿನ ಖರ್ಚಷ್ಟೇ. ಕೊಳ್ಳುವವರು ಹೊರಗಿನ ಕೆತ್ತನೆಗೆ ಮರುಳಾಗದೆ ಹಿಂದಿನ ಮುಚ್ಚಳ ತೆಗೆಸಿ ನೋಡಬೇಕು. ರೋಮನ್ ಅಂಕಿ, 'ವಿಕ್ಟೋರಿಯಾ', 'ಲಂಡನ್' ಎಂಬ ಬರಹವಿದ್ದೂ ಒಳಗೆ ಬ್ಯಾಟರಿ ಕಂಡರೆ ಅದು ಪ್ರವಾಸಿಗರಿಗೆಂದು ಮೊನ್ನೆ ತಯಾರಾದದ್ದು. ಅಸಲಿ ಎನಾಮೆಲ್ ಡಯಲ್ ಅಂದರೆ ತಾಮ್ರದ ತಟ್ಟೆಯ ಮೇಲೆ ಗಾಜಿನ ಪುಡಿ ಹಾಕಿ ಕುಲುಮೆಯಲ್ಲಿ ಕಾಯಿಸಿದ್ದು. ಅದು ನೂರು ವರ್ಷವಾದರೂ ಹಳದಿಯಾಗುವುದಿಲ್ಲ, ಕೂದಲೆಳೆಯಂಥ ಬಿರುಕು ಬಿಟ್ಟಿರಬಹುದು ಅಷ್ಟೆ. ವಾಲ್ಥಂ, ಎಲ್ಜಿನ್, ಹ್ಯಾಮಿಲ್ಟನ್ ಆದರೆ ಯಂತ್ರದ ಮೇಲಿನ ಸಂಖ್ಯೆಯಿಂದಲೇ ತಯಾರಾದ ವರ್ಷವನ್ನು ಹೆಚ್ಚುಕಡಿಮೆ ಹೇಳಬಹುದು.

ನಿಜವಾದ ಆತಂಕವಿರುವುದು ರಿಪೇರಿಯ ಕಡೆ. ಕಣ್ಣಿಗೆ ಮಸೂರ ಸಿಕ್ಕಿಸಿ, ಚಿಮಟದಲ್ಲಿ ಹೇರ್‌ಸ್ಪ್ರಿಂಗ್ ಹಿಡಿದು ಕೂರುವ ಹಿರಿಯರು ಊರೂರಿನ ಬಸ್‌ಸ್ಟ್ಯಾಂಡ್ ಬಳಿ, ಪೇಟೆಬೀದಿಯಲ್ಲಿ ಗೂಡಂಗಡಿ ಇಟ್ಟುಕೊಂಡಿದ್ದರು. ಈಗ ಉಳಿದವರ ಕೆಲಸ ಹೆಚ್ಚಾಗಿ ಬ್ಯಾಟರಿ, ಬೆಲ್ಟು ಬದಲಿಸುವುದು. ಮುರಿದ ಅಚ್ಚಿಗೆ ಲೇತಿನಲ್ಲಿ ಹೊಸದನ್ನು ಕಡೆದು ಕೂಡಿಸುವ ಕೈ ಅಪರೂಪವಾಗಿದೆ. ಮಕ್ಕಳು ಆ ಅಂಗಡಿಯಲ್ಲಿ ಕೂರಲು ಬಯಸುವುದಿಲ್ಲ, ಅವರನ್ನು ದೂರುವಂತಿಲ್ಲ. ಬರುವ ಗಿರಾಕಿಗಳೇ ಇಲ್ಲ.

ಕರ್ನಾಟಕಕ್ಕೆ ಇದು ಪರಕೀಯ ವಿದ್ಯೆಯೂ ಅಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಗಡಿಯಾರ ತಯಾರಿಕೆ ಆರಂಭಿಸಿತು. ಕೈಗಡಿಯಾರಗಳ ಜೊತೆ ಕೀಲಿ ಕೊಡುವ ಜೇಬು ಗಡಿಯಾರಗಳನ್ನೂ ತಯಾರಿಸಿತು. 2016ರ ಹೊತ್ತಿಗೆ ತುಮಕೂರಿನ ಕಾರ್ಖಾನೆಯೂ ಮುಚ್ಚಿತು. ಜಾಲಹಳ್ಳಿಯ ಎಚ್‌ಎಂಟಿ ವಸ್ತುಸಂಗ್ರಹಾಲಯದಲ್ಲಿ ಆ ಚರಿತ್ರೆಯನ್ನು ಚೆನ್ನಾಗಿ ಜೋಡಿಸಿಟ್ಟಿದ್ದಾರೆ. ಆದರೆ ಅಲ್ಲಿ ಕೈ ಪಳಗಿಸಿಕೊಂಡವರು ಈಗ ನಿವೃತ್ತರು, ಅವರ ಕೈಚಳಕವನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ತಮ್ಮ ಗಡಿಯಾರ ವಿದ್ಯೆಯನ್ನು 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದವು. ಅಲ್ಲಿ ಈ ವಿದ್ಯೆ ಕಲಿಸುವ ಶಾಲೆಗಳಿವೆ. ಬೆಂಗಳೂರು, ತುಮಕೂರಿನ ಐಟಿಐಗಳಲ್ಲಿ ಎಚ್‌ಎಂಟಿಯ ಹಿರಿಯರನ್ನೇ ಗುರುಗಳಾಗಿ ಕರೆದು ಕೀಲಿ ಗಡಿಯಾರ ರಿಪೇರಿಯ ಸಣ್ಣ ಅವಧಿಯ ತರಬೇತಿ ನಡೆಸುವುದು ಸರ್ಕಾರಕ್ಕೆ ಭಾರವಾಗುವ ಕೆಲಸವೇನಲ್ಲ. ಆ ಹಿರಿಯರಿಗೆ ವಯಸ್ಸಾಗುತ್ತಿರುವುದರಿಂದ ತಡ ಮಾಡುವಂತೆಯೂ ಇಲ್ಲ.

ಸರ್ಕಾರ ಮಾಡುವವರೆಗೆ ಮನೆಗಳು ಕಾಯಬೇಕಿಲ್ಲ. ಟ್ರಂಕಿನಲ್ಲೋ ದೇವರಮನೆಯ ಗೂಡಿನಲ್ಲೋ ಹಳೆಯ ಜೇಬು ಗಡಿಯಾರವಿದ್ದರೆ ಅದನ್ನು ತೂಕಕ್ಕೆ ಕೊಡುವ ಮೊದಲು ಊರಿನ ಹಳೆಯ ವಾಚ್ ರಿಪೇರಿ ಅಂಗಡಿಗೆ ಒಯ್ಯಬೇಕು. ಬ್ಯಾಲೆನ್ಸ್ ಅಚ್ಚು ಸರಿಯಿದೆಯೇ, ಹೇರ್‌ಸ್ಪ್ರಿಂಗ್ ಸರಿಯಿದೆಯೇ, ಕೀಲಿ ಕೊಟ್ಟಾಗ ಬಿಗಿಯಾಗುವ ಮೇನ್‌ಸ್ಪ್ರಿಂಗ್ ಸಿಗುತ್ತದೆಯೇ ಎಂದು ಕೇಳಬೇಕು. ಒಂದೂರಿನಲ್ಲಿ ಆಗದಿದ್ದರೆ ಮುಂದಿನ ಊರಿನಲ್ಲಿ ವಿಚಾರಿಸಬೇಕು. ಮಾಡಿಕೊಡುತ್ತೇನೆ ಎಂದವರಿಗೆ ಅವಸರಪಡಿಸದೆ ಸಮಯ ಕೊಟ್ಟು, ಅವರು ಹೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ಸರ್ವೀಸಾದ ತಾರೀಖು ಬರೆದಿಟ್ಟುಕೊಂಡು, ಮೂರು ವರ್ಷ ಕಳೆದ ಮೇಲೆ ಅದೇ ಅಂಗಡಿಗೆ ಮತ್ತೆ ಹೋಗಬೇಕು.